ಹೇಳದೆ ಹೋಗಿ ನೋಡಿ

 

ಹಳೇಕೋಟೆಯ ನಮ್ಮ ಸೋದರತ್ತೆಗೆ ಮಕ್ಕಳಿಲ್ಲ. ಅವರ ತೆಂಗಿನ ತೋಟ ನಾಳೆ ನನಗೆ ಬರುವುದು. ಹಾಗಾದರೆ ಅವರ ಹೊಣೆಯೂ ನನ್ನದೇ. ಹಿರಿಯ ನಾಗರಿಕರ 2007ರ ಕಾಯಿದೆ ಹೇಳುವುದೂ ಅದನ್ನೇ.

ಅತ್ತೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದರು. ಮನೆಯಲ್ಲಿ ಎತ್ತಿ ಕೂರಿಸುವವರಿಲ್ಲ. ಹಾಸನದ ಕಡೆ ಒಂದು ವೃದ್ಧಾಶ್ರಮಕ್ಕೆ ಹೇಳಿ ಹೋದೆ. ಹೊಳೆಯುವ ನೆಲ, ಗೋಡೆಯಲ್ಲಿ ಬಸವಣ್ಣನವರ ದೊಡ್ಡ ಪಟ. ಒಪ್ಪಿ ಬಂದೆ. ಮನಸ್ಸು ತಡೆಯದೆ, ಇನ್ನೊಂದು ದಿನ ರಾತ್ರಿ ಊಟದ ಹೊತ್ತಿಗೆ ಹೇಳದೆ ಹೋದೆ. ಅಜ್ಜಿಯೊಬ್ಬರು ಒದ್ದೆ ಬಟ್ಟೆಯಲ್ಲೇ ಮಲಗಿದ್ದರು. ಅಷ್ಟು ಜನಕ್ಕೆ ಒಬ್ಬಳೇ ಆಯಾ.

ಇನ್ನೊಂದು ಕಡೆ ಪಟವಿರಲಿಲ್ಲ. ಆಯಾ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. “ನಮ್ಮತ್ತೆ ಲಿಂಗಪೂಜೆ ಮಾಡದೆ ಉಣ್ಣೋರಲ್ಲ” ಎಂದೆ. “ಸ್ನಾನಕ್ಕೆ ನೀರು ಎಷ್ಟು ಹೊತ್ತಿಗೆ ಕಾಯಿಸಲಿ ಅಣ್ಣ?” ಎಂದಳು. ಅಲ್ಲೇ ಸೇರಿಸಿದೆ.

ನೀವೂ ಕೇಳಿ: ರಾತ್ರಿ ಯಾರಿರುತ್ತಾರೆ? ಮಲಗಿದವರ ಮಗ್ಗುಲು ಬದಲಿಸುವವರು ಯಾರು? ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅಲ್ಲಿರುವ ಹಿರಿಯರನ್ನು ಒಂಟಿಯಾಗಿ ಮಾತಾಡಿಸಿ. ಅನ್ಯಾಯ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ತಿಳಿಸಿ.

ತಿಂಗಳ ಹಣ ಕಟ್ಟಿದರೆ ದಾಸೋಹ ಮುಗಿಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಈಗಲೂ ಹೋಗುತ್ತೇನೆ, ಹೇಳದೆ.