ಡಾರ್ಟ್‌ಮೂರ್: ಕಲ್ಲುಗಳ ನಡುವೆ ಮಾರ್ಗದರ್ಶಿಯ ಜೊತೆ ನಡಿಗೆ

ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಕೌಂಟಿಯಲ್ಲಿದೆ ಡಾರ್ಟ್‌ಮೂರ್. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶದ ವಿಸ್ತೀರ್ಣ 954 ಚದರ ಕಿಲೋಮೀಟರ್. ಎತ್ತರದ ಭಾಗದಲ್ಲಿ ಮರಗಳು ಬಲು ವಿರಳ. ಕಣ್ಣು ಹಾಯುವಷ್ಟು ದೂರ ಒರಟು ಹುಲ್ಲು, ಹೆದರ್ ಪೊದೆ, ಹಳದಿ ಹೂವಿನ ಮುಳ್ಳುಗಿಡ, ತಗ್ಗುಗಳಲ್ಲಿ ಜೌಗು. ಗುಡ್ಡಗಳ ನೆತ್ತಿಯ ಮೇಲೆ ಯಾರೋ ಪೇರಿಸಿಟ್ಟಂತೆ ಗ್ರಾನೈಟ್ ಬಂಡೆಗಳು. ಅಲ್ಲಿನವರು ಅವನ್ನು ಟಾರ್ ಎನ್ನುತ್ತಾರೆ.

ನೋಡಿದವರಿಗೆ ಇದು ಮನುಷ್ಯರು ಮುಟ್ಟದ ನೆಲ ಎನಿಸುತ್ತದೆ. ಆದರೆ ಈ ಬೋಳುತನದಲ್ಲಿ ಮನುಷ್ಯರ ಪಾಲು ದೊಡ್ಡದು. ಒಂದು ಕಾಲಕ್ಕೆ ಇಲ್ಲಿ ಕಾಡಿತ್ತು. ಕಂಚಿನ ಯುಗದ ರೈತರು ಮರ ಕಡಿದು, ದನ ಕುರಿ ಮೇಯಿಸಿ, ಸುಮಾರು 3,500 ವರ್ಷಗಳ ಹಿಂದೆ ಗುಡ್ಡದ ಉದ್ದಕ್ಕೂ ಕಲ್ಲಿನ ಬದುಗಳನ್ನು ಹಾಕಿದರು. ಆಮೇಲೆ ಹವಾಮಾನ ತಣ್ಣಗಾಗಿ ಮಳೆ ಹೆಚ್ಚಿತು, ಮಣ್ಣು ಹುಳಿಯಾಯಿತು, ಕೊಳೆಯದೆ ಉಳಿದ ಸಸ್ಯಗಳು ಪದರ ಪದರವಾಗಿ ಪೀಟ್ ಆದವು. ಜನ ಕೆಳಗಿನ ಕಣಿವೆಗಳಿಗೆ ಇಳಿದರು. ನಂತರದ ಶತಮಾನಗಳಲ್ಲಿ ಎತ್ತರದ ನೆಲಕ್ಕೆ ನೇಗಿಲು ಅಷ್ಟಾಗಿ ಬೀಳದ ಕಾರಣ ಆ ಬದುಗಳು ಇಂದಿಗೂ ಇವೆ, ಹುಲ್ಲು ಮುಚ್ಚಿದ ಸಣ್ಣ ದಿಬ್ಬಗಳಾಗಿ. ಗೊತ್ತಿಲ್ಲದವರು ದಾಟಿ ಮುಂದೆ ಹೋಗುತ್ತಾರೆ. ಗೊತ್ತಿರುವವರು ಜೊತೆಗಿದ್ದರೆ ಅದೇ ದಿಬ್ಬ ಹೊಲದ ಗಡಿಯಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಮೆರಿವೇಲ್. ರಸ್ತೆಯಿಂದ ಸ್ವಲ್ಪವೇ ದೂರದಲ್ಲಿ ಎರಡು ಜೋಡಿ ಕಲ್ಸಾಲುಗಳು ಪೂರ್ವ ಪಶ್ಚಿಮವಾಗಿ ಸಾಗುತ್ತವೆ. ಉದ್ದನೆಯ ಸಾಲು 250 ಮೀಟರಿಗೂ ಹೆಚ್ಚಿದ್ದರೂ ಹೆಚ್ಚಿನ ಕಲ್ಲುಗಳು ಮೊಣಕಾಲೆತ್ತರವನ್ನೂ ಮುಟ್ಟುವುದಿಲ್ಲ. ಸ್ಟೋನ್‌ಹೆಂಜ್‌ನ ಭವ್ಯತೆಯನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾದರೆ ಆಶ್ಚರ್ಯವಿಲ್ಲ. ಈ ಸಾಲುಗಳನ್ನು ಯಾಕೆ ನಿಲ್ಲಿಸಿದರು ಎಂಬುದಕ್ಕೆ ಖಚಿತ ಉತ್ತರ ಯಾರ ಬಳಿಯೂ ಇಲ್ಲ. ಅದನ್ನು ಒಪ್ಪಿಕೊಳ್ಳುವ ಮಾರ್ಗದರ್ಶಿಯೇ ನಂಬಿಕೆಗೆ ಅರ್ಹ. ಪಕ್ಕದಲ್ಲೇ ದುಂಡು ಗುಡಿಸಲುಗಳ ಅಡಿಪಾಯ, ಒಂದು ಕಲ್ಲಿನ ವೃತ್ತ, ಎತ್ತರದ ಒಂಟಿ ನಿಲುಗಲ್ಲು ಇವೆ. ಸೇಬು ಅರೆಯಲು ಕಡೆದು, ಸಾಗಿಸದೆ ಬಿಟ್ಟುಹೋದ ದುಂಡು ಕಲ್ಲೂ ಅಲ್ಲೇ ಬಿದ್ದಿದೆ. ಅದು ಸಾವಿರಾರು ವರ್ಷ ಈಚಿನದು. 17ನೇ ಶತಮಾನದಲ್ಲಿ ಟ್ಯಾವಿಸ್ಟಾಕ್ ಪಟ್ಟಣಕ್ಕೆ ಪ್ಲೇಗ್ ಬಡಿದಾಗ ಹಳ್ಳಿಯವರು ಊರೊಳಗೆ ಹೋಗಲು ಹೆದರಿ ಈ ಕಲ್ಲುಗಳ ನಡುವೆ ದವಸ ಇಟ್ಟುಹೋಗುತ್ತಿದ್ದರೆಂಬ ಕಥೆ ಇನ್ನೂ ಚಾಲ್ತಿಯಲ್ಲಿದೆ.

ಗ್ರಿಮ್ಸ್‌ಪೌಂಡ್ ಇನ್ನೊಂದು ಹೆಸರಾಂತ ತಾಣ. ಸುತ್ತು ಗೋಡೆಯೊಳಗೆ 24 ಮನೆಗಳ ಗುರುತುಗಳಿವೆ. 1894ರಲ್ಲಿ ಇಲ್ಲಿ ಉತ್ಖನನ ನಡೆಸಿದವರು ಕೆಲವು ಭಾಗಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಹಾಗಾಗಿ ಇಂದು ಕಾಣುವುದೆಲ್ಲ ಕಂಚಿನ ಯುಗದ ಕೈಕೆಲಸವಲ್ಲ.

ದಾರಿ ತೋರುವ ವೃತ್ತಿ ಇಲ್ಲಿ ಹೊಸದೇನಲ್ಲ. ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಪ್ರವಾಸಿಗರನ್ನು ಉತ್ತರದ ಜೌಗಿನ ನಡುವಿನ ಕ್ರ್ಯಾನ್‌ಮಿಯರ್ ಪೂಲ್‌ಗೆ ಕರೆದೊಯ್ಯುತ್ತಿದ್ದ. 1854ರಲ್ಲಿ ಅಲ್ಲೊಂದು ಬಾಟಲಿ ಇಟ್ಟು, ಬಂದವರು ತಮ್ಮ ಹೆಸರಿನ ಚೀಟಿ ಹಾಕುವಂತೆ ಮಾಡಿದ. ಗುಡ್ಡಗಳಲ್ಲಿ ಬಚ್ಚಿಟ್ಟ ಪೆಟ್ಟಿಗೆಗಳನ್ನು ಹುಡುಕುವ ಲೆಟರ್‌ಬಾಕ್ಸಿಂಗ್ ಹವ್ಯಾಸ ಹುಟ್ಟಿದ್ದು ಹೀಗೆ. ಈಗ ಮಾರ್ಗದರ್ಶಿಗಳಿಗೆಂದೇ ಹಿಲ್ ಅಂಡ್ ಮೂರ್‌ಲ್ಯಾಂಡ್ ಲೀಡರ್ ಎಂಬ ಅರ್ಹತೆ ಇದೆ. ನಕ್ಷೆ, ದಿಕ್ಸೂಚಿ ಹಿಡಿದು ದಾರಿ ಕಂಡುಕೊಳ್ಳುವುದು, ಗುಂಪನ್ನು ಸುರಕ್ಷಿತವಾಗಿ ನಡೆಸುವುದು ಅದರ ತಿರುಳು.

ಇಲ್ಲಿನ ನಿಜವಾದ ಅಪಾಯ ಮಂಜು. ಕೆಲವೇ ನಿಮಿಷಗಳಲ್ಲಿ ಇಳಿದು ಎಲ್ಲ ಗುರುತುಗಳನ್ನೂ ನುಂಗಿಬಿಡುತ್ತದೆ. ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸ್ ಕಾದಂಬರಿ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ನಲ್ಲಿ ಕುದುರೆಗಳನ್ನೇ ನುಂಗುವ ಜೌಗನ್ನು ಚಿತ್ರಿಸಿದ್ದಾನೆ, ಅದು ಕಾದಂಬರಿಕಾರನ ಉತ್ಪ್ರೇಕ್ಷೆ. ಆದರೂ ಎಳೆ ಹಸಿರಾಗಿ ಹೊಳೆಯುವ ಪಾಚಿಯ ಮೇಲೆ ಕಾಲಿಡದಿರುವುದು ಜಾಣತನ. ಉತ್ತರ ಭಾಗದಲ್ಲಿ ಸೇನೆಯ ಗುಂಡು ಹಾರಿಸುವ ವಲಯಗಳೂ ಇವೆ. ಅಭ್ಯಾಸ ನಡೆಯುವಾಗ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಹಾಕುತ್ತಾರೆ. ಆಗ ಒಳಗೆ ಹೋಗುವಂತಿಲ್ಲ.

ಈ ನೆಲದ ಬಹುಪಾಲು ಖಾಸಗಿ ಒಡೆತನದ್ದು. ಅದರಲ್ಲಿನ ಗೋಮಾಳಗಳಲ್ಲಿ ಸುತ್ತಲಿನ ರೈತರಿಗೆ ದನ, ಕುರಿ, ಕುದುರೆ ಮೇಯಿಸುವ ಹಕ್ಕಿದೆ. 1985ರ ಡಾರ್ಟ್‌ಮೂರ್ ಕಾಮನ್ಸ್ ಕಾಯ್ದೆ ಆ ಗೋಮಾಳಗಳಲ್ಲಿ ಕಾಲ್ನಡಿಗೆಯಲ್ಲೋ ಕುದುರೆ ಮೇಲೋ ತಿರುಗಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಅದರಲ್ಲಿ ಡೇರೆ ಹಾಕಿ ಮಲಗುವುದೂ ಸೇರುತ್ತದೆಯೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಮೇ ತಿಂಗಳಲ್ಲಿ ಸೇರುತ್ತದೆ ಎಂದೇ ತೀರ್ಪಾಯಿತು. ಹಾಗಾಗಿ ಡಾರ್ಟ್‌ಮೂರ್‌ನಲ್ಲಿ ನಡೆಯಲು ಮಾರ್ಗದರ್ಶಿ ಕಡ್ಡಾಯವಲ್ಲ. ಆದರೂ ಮೊದಲ ಸಲ ಹೋಗುವವರು ಒಬ್ಬರ ಜೊತೆಗೇ ಮೆರಿವೇಲ್ ನೋಡುವುದು ಒಳ್ಳೆಯದು.