ಚೆಕ್ಕಿನ ಮೇಲಿನ ಸಹಿ



ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ಸಣ್ಣ ಲೇತ್ ವರ್ಕ್‌ಷಾಪು ಇದೆ ಎಂದುಕೊಳ್ಳೋಣ. ಮಾಲೀಕರು ಕಬ್ಬಿಣವನ್ನು ಸಾಲಕ್ಕೆ ತಂದರು. 'ಭದ್ರತೆಗೆ ಒಂದು ಚೆಕ್ಕು ಕೊಟ್ಟಿರಿ ಸಾರ್' ಎಂದರು ಅಂಗಡಿಯವರು. ಇವರು ಮೊತ್ತ, ತಾರೀಖು ಬರೆಯದೆ ಬರೀ ಸಹಿ ಹಾಕಿ ಕೊಟ್ಟರು. ಖಾಲಿ ಚೆಕ್ಕಿನಿಂದ ಏನಾದೀತು ಎಂಬ ಧೈರ್ಯ. ಆ ಧೈರ್ಯ ಸರಿಯೇ?

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದು. ಅದಕ್ಕೆ 138ನೇ ಕಲಂ ಸೇರಿ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಸಾಲ ತೀರಿಸಲು ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ಹಿಂದಿರುಗಿದರೆ, ಎರಡು ವರ್ಷದವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡನ್ನೂ ಈಗ ವಿಧಿಸಬಹುದು.

ಆದರೆ ಚೆಕ್ಕು ಹಿಂದಿರುಗಿದ ಕ್ಷಣವೇ ಅದು ಅಪರಾಧವಾಗುವುದಿಲ್ಲ. ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಹಣ ಬರಬೇಕಾದವರು ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಸಂದರೆ ಅಪರಾಧವೇ ಇಲ್ಲ. ಸಲ್ಲದಿದ್ದರೆ ಅನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ದಾಖಲಿಸಬಹುದು.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನೋಡಿ. 45,000 ರೂಪಾಯಿ ಕೈಗಡಕ್ಕೆ ಕೊಟ್ಟ ಚೆಕ್ಕು 2001ರಲ್ಲಿ ಹಿಂದಿರುಗಿತು. ಹಣ ಕೊಡಬೇಡಿರೆಂದು ಖಾತೆದಾರರೇ ಬ್ಯಾಂಕಿಗೆ ತಿಳಿಸಿದ್ದರು. ಸಹಿ ಮಾಡಿದ್ದ ಖಾಲಿ ಚೆಕ್ಕು ಕಳೆದುಹೋಗಿತ್ತು ಎಂಬುದು ಅವರ ವಾದ. ಕೆಳ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಕರ್ನಾಟಕ ಹೈಕೋರ್ಟು ತಪ್ಪಿತಸ್ಥರೆಂದು ತೀರ್ಮಾನಿಸಿ 75,000 ರೂಪಾಯಿ ದಂಡ ವಿಧಿಸಿತು. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಹಿ ತಮ್ಮದೆಂದು ಒಪ್ಪಿದ ಮೇಲೆ, ಚೆಕ್ಕಿನ ಹಿಂದೆ ಸಾಲವಿದೆ ಎಂದೇ 139ನೇ ಕಲಮಿನಂತೆ ನ್ಯಾಯಾಲಯ ಭಾವಿಸಬೇಕು. ಸಾಲವಿಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವರದು. ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿದ್ದುದೂ ಅವರಿಗೆ ವಿರುದ್ಧವಾಯಿತು.

ಖಾಲಿ ಚೆಕ್ಕನ್ನು ಸಹಿ ಮಾಡಿ ತಾವಾಗಿಯೇ ಕೊಟ್ಟು, ಬೇರೆಯವರು ಅದನ್ನು ತುಂಬಿದರೂ ಇದೇ ನಿಯಮವೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಹಾಗೆಂದು ಸಹಿ ಮಾಡಿದವರಿಗೆ ದಾರಿಯೇ ಇಲ್ಲವೆಂದಲ್ಲ. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕಾಗಿಲ್ಲ. ತಮ್ಮ ಮಾತು ಸಂಭವನೀಯವೆಂದು ತೋರಿಸಿದರೆ ಸಾಕು. ಆದರೆ ರಸೀದಿ, ಲೆಕ್ಕದ ಪುಸ್ತಕ, ಪತ್ರ ಇಟ್ಟುಕೊಳ್ಳದವರು ಏನನ್ನು ತೋರಿಸಿಯಾರು?

ನಾಳೆ ನಿಮಗೂ ಬ್ಯಾಂಕಿನ ಖಾತೆ, ಚೆಕ್ಕು ಪುಸ್ತಕ ಬರುತ್ತವೆ. ಗೆಳೆಯನಿಗೆ ಜಾಮೀನೆಂದೋ ಅಂಗಡಿಗೆ ಭದ್ರತೆಯೆಂದೋ ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಕೊಟ್ಟ ಚೆಕ್ಕು ಹಿಂದಿರುಗಿ ನೋಟಿಸು ಬಂದರೆ ಅದನ್ನು ಮೇಜಿನ ಖಾನೆಗೆ ಸೇರಿಸಬೇಡಿ. ಆ 15 ದಿನಗಳೊಳಗೆ ಹಣ ಸಲ್ಲಿಸಿ; ಸಾಲ ನಿಮ್ಮದಲ್ಲವಾದರೆ ವಕೀಲರನ್ನು ಕಂಡು ಉತ್ತರ ಬರೆಯಿರಿ.