ಆಕಾಶದಿಂದ ಕಂಡ ಕೆರೆ

ದೂರಸಂವೇದನೆ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಅನೇಕರಿಗೆ ಗೂಢಚಾರರ ನೆನಪಾಗುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂಗೋಲದ ವಿದ್ಯಾರ್ಥಿನಿಯಾಗಿ ನಾನು ಈ ವಿಷಯವನ್ನು ಓದತೊಡಗಿದಾಗ, ಮನೆಗೆ ಬಂದವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ನಮ್ಮ ಮಾಳಿಗಿ ಮ್ಯಾಲ ಒಣಗಿಸಿದ ಹಪ್ಪಳ ಕಾಣಸ್ತಾವೇನು?"

ಕಾಣುವುದಿಲ್ಲ. ನಾವು ತರಗತಿಯಲ್ಲಿ ಬಳಸಿದ್ದು ಯಾರಿಗಾದರೂ ಬಿಟ್ಟಿಯಾಗಿ ದೊರೆಯುವ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ. ಅದರಲ್ಲಿ ಅತಿ ಸಣ್ಣ ಚುಕ್ಕೆಯೆಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ. ನಮ್ಮ ರೈತರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ಆ ಗುಂಟೆಯಲ್ಲಿ ಮನೆಯಿರಲಿ, ಬೇವಿನ ಮರವಿರಲಿ, ಎಲ್ಲ ಸೇರಿ ಒಂದೇ ಬಣ್ಣ. 1988ರ ಮಾರ್ಚ್ 17ರಂದು ಹಾರಿದ ನಮ್ಮ ದೇಶದ ಐ.ಆರ್.ಎಸ್.-1ಎ ಉಪಗ್ರಹದ ಒಂದು ಕ್ಯಾಮರಾಕ್ಕೆ ಈ ಚುಕ್ಕೆಯ ಅಳತೆ 72.5 ಮೀಟರ್ ಇತ್ತು. ಅಂದರೆ ಒಂದೂಕಾಲು ಎಕರೆಗೂ ಮಿಕ್ಕ ಹೊಲ ಒಂದೇ ಚುಕ್ಕೆಯಲ್ಲಿ ಅಡಗುತ್ತಿತ್ತು!

ಈ ಚಿತ್ರಗಳಲ್ಲಿ ಹಸಿರು ಹಸಿರಾಗಿ ಕಾಣದು. ನಮ್ಮ ಕಣ್ಣಿಗೆ ನಿಲುಕದ ಅವಕೆಂಪು ಕಿರಣಗಳನ್ನು ಆರೋಗ್ಯವಂತ ಎಲೆ ಬಹಳವಾಗಿ ಹಿಂದಕ್ಕೆ ಎಸೆಯುತ್ತದೆ. ಆ ಕಿರಣಗಳಿಗೆ ಚಿತ್ರದಲ್ಲಿ ಕೆಂಪು ಬಣ್ಣ ಕೊಡುವ ರೂಢಿ. ತಿಳಿನೀರು ಅವನ್ನು ನುಂಗಿಬಿಡುವುದರಿಂದ ಕಪ್ಪಾಗಿ ತೋರುತ್ತದೆ. ಹಿಂಗಾರಿ ಬೆಳೆ ನಿಂತಾಗ ನವಲಗುಂದ, ಅಣ್ಣಿಗೇರಿ ಕಡೆಯ ಕಡಲೆ-ಜೋಳದ ಹೊಲಗಳು ಕೆಂಪು. ಕೊಯ್ಲಾದ ಮೇಲೆ ಅದೇ ಎರೆಭೂಮಿ ಕಪ್ಪುನೀಲಿ. ಧಾರವಾಡ ಜಿಲ್ಲೆ ಮಲೆನಾಡು-ಬಯಲುಸೀಮೆಗಳ ನಡುವಿನದು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಇಲ್ಲಿಯೇ.

ಹುಬ್ಬಳ್ಳಿಯ ಉಣಕಲ್ ಕೆರೆಯ ಚಿತ್ರ ತೆರೆದಾಗ ಮಾತ್ರ ಲೆಕ್ಕ ತಪ್ಪಿತು. ಕಪ್ಪಾಗಿರಬೇಕಾದ ನೀರಿನ ಒಂದು ಪಾಲು ಅಚ್ಚಗೆಂಪು. ಬಣ್ಣ ಹೋಲುವ ಚುಕ್ಕೆಗಳನ್ನೆಲ್ಲ ಗುಂಪುಗೂಡಿಸುವ ಗಣಕಯಂತ್ರ, ಆ ಪಾಲನ್ನು ನಿಸ್ಸಂಕೋಚವಾಗಿ ಬೆಳೆಯ ಗುಂಪಿಗೆ ಸೇರಿಸಿತು. ಇಂಥ ಪಟ್ಟಿಯನ್ನು ಯಾರಾದರೂ ಹಾಗೆಯೇ ಒಪ್ಪಿದರೆ ಏನಾದೀತು? ಕೆರೆ ಕಾಗದದಲ್ಲಿ ಕಿರಿದಾಗುತ್ತದೆ. ಕಾಗದದಲ್ಲಿ ಕಿರಿದಾದ ಕೆರೆಯ ದಂಡೆಗೆ ಬೇಲಿ ಬರಲು ತಡವಾಗದು.

ಆದ್ದರಿಂದಲೇ ಈ ಪಾಠದಲ್ಲಿ ಚಿತ್ರವನ್ನು ನೆಲದೊಡನೆ ತಾಳೆ ನೋಡುವುದು ಕಡ್ಡಾಯ. ನಾವು ನಾಲ್ವರು ಕೆರೆಗೆ ಹೋದೆವು. ಅಲ್ಲಿ ಹಬ್ಬಿದ್ದುದು ಅಂತರಗಂಗೆ. ಉಣಕಲ್ಲಿನವರಿಗೆ ಅದು ಹೊಸತಲ್ಲ. ದಂಡೆಯಲ್ಲಿ ಕುಳಿತಿದ್ದ ಮುದುಕರೊಬ್ಬರು ನಮ್ಮ ನಕಾಶೆಯನ್ನೂ ಮೋರೆಗಳನ್ನೂ ನೋಡಿ, "ಏನವಾ, ಇದು ಕೆರಿ ಅನ್ನೂದನ್ನ ತಿಳಕೊಳ್ಳಾಕ ಆಕಾಶಕ್ಕ ಹೋಗಬೇಕಿತ್ತೇನು?" ಎಂದರು. ನಕ್ಕೆವು, ಉತ್ತರ ಕೊಡುವುದು ಸುಲಭವಿರಲಿಲ್ಲ.

ಆದರೆ ಆಕಾಶಕ್ಕೂ ಒಂದು ಅನುಕೂಲವುಂಟು. ಬೇರೆ ಬೇರೆ ದಿನಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ, ಆ ಕೆಂಪು ಒಮ್ಮೆ ಈ ದಂಡೆಗೆ, ಒಮ್ಮೆ ಆ ದಂಡೆಗೆ ಸರಿದಿತ್ತು. ತೇಲುವ ಕಳೆಯನ್ನು ಗಾಳಿ ಸರಿಸುತ್ತದೆ. ಹೊಲ ಎಲ್ಲಿಯಾದರೂ ಸರಿದೀತೇ? ಈ ಗುರುತು ಹಿಡಿದು ಆ ಚುಕ್ಕೆಗಳನ್ನೆಲ್ಲ ನಾವು ಮರಳಿ ಕೆರೆಯ ಲೆಕ್ಕಕ್ಕೆ ಹಾಕಿದೆವು.

ಇದು ಬೇಸಿಗೆಯ ಮಾತಾಯಿತು. ಜೂನ್ ತಿಂಗಳಲ್ಲಿ ಧಾರವಾಡದ ಮೇಲೆ ಮೋಡ ಕವಿದರೆ ಇಂಥ ಕ್ಯಾಮರಾ ಕುರುಡು. ರೈತನಿಗೆ ಚಿತ್ರ ಬೇಕಾದ ಹೊತ್ತಿನಲ್ಲಿಯೇ ಅದು ಸಿಗದು. ಮೋಡದೊಳಗಿಂದಲೂ ನೋಡಬಲ್ಲ ರೇಡಾರ್ ಉಪಗ್ರಹ ರಿಸ್ಯಾಟ್-1 ಅನ್ನು ನಮ್ಮವರೇ ಕಟ್ಟಿ 2012ರಲ್ಲಿ ಹಾರಿಸಿದ್ದರು. ಆ ಚಿತ್ರಗಳನ್ನು ಓದುವ ಪಾಠ ನಮಗೆ ಮುಂದಿನ ಸೆಮಿಸ್ಟರಿಗೆ.